ತಪ್ಪು ಚಾಟ್‌ಬಾಟಿನದಲ್ಲ

ಚಾಟ್‌ಬಾಟುಗಳ ನಡವಳಿಕೆಯ ಬಗ್ಗೆ ಒಂದು ಅಭಿಪ್ರಾಯ ನಮ್ಮಲ್ಲಿ ಬಹಳ ಬೇಗ ಬೇರು ಬಿಟ್ಟಿದೆ. ಯಂತ್ರ ಇನ್ನೂ ಕಲಿಯುತ್ತಿದೆ, ಕಲಿಯುವಾಗ ತಪ್ಪಾಗುವುದು ಸಹಜ, ಅದು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಿಕೊಳ್ಳುವುದು ಬಳಸುವವರ ಕೆಲಸ ಎಂಬುದೇ ಆ ಅಭಿಪ್ರಾಯ. ತಂತ್ರಜ್ಞಾನದ ಅಂಕಣಗಳಲ್ಲಿ, ಕಾಲೇಜಿನ ಕಾರ್ಯಾಗಾರಗಳಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಇದನ್ನೇ ಹೇಳುತ್ತಾರೆ. ಚಾಟ್‌ಬಾಟಿನ ಪರದೆಯ ಅಡಿಯಲ್ಲಿ ಕಂಪನಿಗಳು ಸಣ್ಣ ಅಕ್ಷರಗಳಲ್ಲಿ ಬರೆದಿಟ್ಟಿರುವುದೂ ಇದನ್ನೇ. ಕೇಳುವುದಕ್ಕೆ ವಿವೇಕದ ಮಾತಿನಂತೆಯೇ ಇದೆ. ಆದರೆ ಇದನ್ನು ಒಪ್ಪಿದ ಗಳಿಗೆಯಲ್ಲೇ ತಪ್ಪಿನ ಭಾರ ಮಾಡಿದವರ ಹೆಗಲಿನಿಂದ ಇಳಿದು, ಅದರಿಂದ ನಷ್ಟ ಅನುಭವಿಸಿದವರ ಹೆಗಲೇರುತ್ತದೆ. ಈ ವರ್ಗಾವಣೆ ಅನ್ಯಾಯದ್ದು, ಇದನ್ನು ನಾವು ಒಪ್ಪಬಾರದು. ಚಾಟ್‌ಬಾಟ್ ಆಡುವ ಮಾತು ಅದನ್ನು ಕಟ್ಟಿ, ತಿದ್ದಿ, ಜನರ ಎದುರು ಕೂರಿಸಿದವರ ಮಾತು. ಅದರ ನಡತೆ ಅವರ ನಡತೆ. ಆ ಮಾತಿನಿಂದ ಯಾರಿಗಾದರೂ ಕೆಡುಕಾದರೆ ತುಂಬಿಕೊಡಬೇಕಾದವರೂ ಅವರೇ.

ಹೊಣೆ ಕೈಯಿಂದ ಕೈಗೆ ಜಾರುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಕೋಲಾರ ಜಿಲ್ಲೆ ತೀರಾ ಹತ್ತಿರದಿಂದ ಕಂಡಿದೆ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ಕಾರ್ಮಿಕರ ಸಿಟ್ಟು ಕಟ್ಟೆಯೊಡೆಯಿತು. ಗಾಜು, ವಾಹನ, ಯಂತ್ರಗಳು ಪುಡಿಯಾದವು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಆ ದಿನದ ಹಿಂಸೆ ಸರಿಯೆಂದು ಯಾರೂ ಹೇಳಲಾರರು. ಆದರೆ ಅದರ ಹಿಂದಿನ ತಿಂಗಳುಗಳಲ್ಲಿ ನಡೆದದ್ದನ್ನು ಮರೆಯುವಂತಿಲ್ಲ. ಇಂಜಿನಿಯರಿಂಗ್ ಓದಿದವರಿಗೆ ತಿಂಗಳಿಗೆ 21,000 ರೂಪಾಯಿ ಎಂದು ಹೇಳಿ ಕೈಗೆ 16,000, ಆಮೇಲೆ 12,000 ಕೊಟ್ಟರು ಎಂಬ ದೂರು ಇತ್ತು. ಪಾಳಿ 12 ಗಂಟೆಗೆ ಏರಿತ್ತು. ದುಡಿದ ಗಂಟೆಗೂ ಖಾತೆಗೆ ಬಿದ್ದ ಹಣಕ್ಕೂ ತಾಳೆಯಾಗುತ್ತಿರಲಿಲ್ಲ. ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಹಲವು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಫೋನಿನ ಮೇಲಿನ ಹೆಸರು ಒಬ್ಬರದು, ಕಾರ್ಖಾನೆ ಇನ್ನೊಬ್ಬರದು, ಸಂಬಳದ ಚೀಟಿ ಮತ್ತೊಬ್ಬರದು. ಹೀಗಿರುವಾಗ ಕಡಿತವಾದ ಸಂಬಳವನ್ನು ಯಾರ ಬಳಿ ಕೇಳಬೇಕು? ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿದರೂ ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿಯನ್ನು ಮಾನವ ಸಂಪನ್ಮೂಲ ವಿಭಾಗಕ್ಕೆ ಸಾಕಷ್ಟು ನೇಮಿಸಿರಲಿಲ್ಲ ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆಯೇ ತಪಾಸಣೆಯ ನಂತರ ಹೇಳಿತು. ಕೆಲಸದ ಗಂಟೆಗಳ ನಿರ್ವಹಣೆಯಲ್ಲಿ ವಿಸ್ಟ್ರಾನ್ ಎಡವಿದ್ದರಿಂದ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಯಿತೆಂದು ಡಿಸೆಂಬರ್ 19ರಂದು ಆ್ಯಪಲ್ ಒಪ್ಪಿಕೊಂಡು, ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ಕ್ಷಮೆ ಕೇಳಿ ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಬದಲಿಸಿತು. ಇಷ್ಟು ಹೊಣೆ ಹೊರಬರಲು ಒಂದು ವಾರ ಸಾಕಾಯಿತು, ಆದರೆ ಅದಕ್ಕೆ ಜಗತ್ತಿನ ಕ್ಯಾಮೆರಾಗಳೆಲ್ಲ ನರಸಾಪುರದ ಕಡೆ ತಿರುಗಬೇಕಾಯಿತು. ಅದಕ್ಕೆ ಮೊದಲು ತಿಂಗಳುಗಟ್ಟಲೆ ಕೇಳಿದವರಿಗೆ ಒಬ್ಬ ಹೊಣೆಗಾರನೂ ಸಿಕ್ಕಿರಲಿಲ್ಲ.

2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಸಮೂಹ ಕೊಂಡಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯ ಹುಡುಗ ಹುಡುಗಿಯರು ಕಂಪನಿ ಬಸ್ಸು ಹತ್ತಿ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಬಂದುಹೋಗುತ್ತಲೇ ಇದ್ದಾರೆ. ಅಂಥವರೊಬ್ಬರು ಇಂದು ಫೋನು ತೆಗೆದು ಚಾಟ್‌ಬಾಟನ್ನು ಕೇಳುತ್ತಾರೆ ಎಂದುಕೊಳ್ಳಿ: ದಿನಕ್ಕೆ ಎಷ್ಟು ಗಂಟೆ ದುಡಿಸಿಕೊಳ್ಳಬಹುದು, ಓಟಿಗೆ ಎಷ್ಟು ಕೊಡಬೇಕು? ಇದು ಸುಲಭದ ಪ್ರಶ್ನೆಯಲ್ಲ. 1948ರ ಕಾರ್ಖಾನೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆಂದಿತ್ತು. 2023ರಲ್ಲಿ ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿ ಮೀರದಂತೆ ದಿನಕ್ಕೆ 12 ಗಂಟೆಯವರೆಗೂ ಅವಕಾಶ ಮಾಡಿಕೊಟ್ಟಿತು. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳ ಜಾಗ ಹಿಡಿದವು. ಹಾಗಾಗಿ ಯಾವ ರಾಜ್ಯ, ಯಾವ ತಾರೀಖು ಎಂಬುದರ ಮೇಲೆ ಸರಿಯುತ್ತರ ಬದಲಾಗುತ್ತದೆ. ಹಳೆಯ ಇಂಗ್ಲಿಷ್ ಪಠ್ಯಗಳನ್ನು ಓದಿ ಬೆಳೆದ ಚಾಟ್‌ಬಾಟ್ ಬೇರೆ ರಾಜ್ಯದ ನಿಯಮವನ್ನೋ ರದ್ದಾದ ನಿಯಮವನ್ನೋ ಹೇಳಿಬಿಡುವ ಸಾಧ್ಯತೆ ಇದ್ದೇ ಇದೆ. ಹೇಳುವಾಗ ಅದು ತಡವರಿಸುವುದಿಲ್ಲ. ಕಾರ್ಮಿಕ ಇಲಾಖೆಯ ಗುಮಾಸ್ತರು ಗೊತ್ತಿಲ್ಲದಿದ್ದರೆ ಮೇಲಿನವರನ್ನು ಕೇಳಿ ಬನ್ನಿ ಎನ್ನುತ್ತಾರೆ. ಸಂಘದ ಮುಖಂಡರು ವಕೀಲರ ಹೆಸರು ಹೇಳುತ್ತಾರೆ. ಚಾಟ್‌ಬಾಟ್ ಮಾತ್ರ ಅಚ್ಚುಕಟ್ಟಾದ ವಾಕ್ಯಗಳಲ್ಲಿ ಉತ್ತರ ಕೊಟ್ಟು, ಬೇರೆ ಏನಾದರೂ ತಿಳಿಯಬೇಕೇ ಎಂದು ವಿಚಾರಿಸುತ್ತದೆ. ಅದನ್ನು ನಂಬಿ ಮೇಲಧಿಕಾರಿಯ ಜೊತೆ ವಾದಕ್ಕಿಳಿದು ಕೆಲಸ ಕಳೆದುಕೊಂಡವರಿಗೆ, ಅಥವಾ ಅದನ್ನೇ ನಂಬಿ ನ್ಯಾಯವಾಗಿ ಬರಬೇಕಾದ ಓಟಿ ಹಣವನ್ನು ಬಿಟ್ಟುಕೊಟ್ಟವರಿಗೆ ಯಾರು ಜವಾಬು ಹೇಳಬೇಕು?

ಯಂತ್ರ ಕಲಿಯುತ್ತಿದೆ ಎಂಬ ಮಾತನ್ನು ಮೊದಲು ನೋಡೋಣ, ಏಕೆಂದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ. ಕಲಿಯುವ ಮಗುವಿಗೆ ತೋರುವ ಕ್ಷಮೆಯನ್ನು ಈ ಮಾತು ಕಂಪನಿಯ ಸರಕಿಗೆ ಬೇಡುತ್ತದೆ. ಚಾಟ್‌ಬಾಟ್ ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆ ಹೇಳುವುದು ಅದರ ಬಾಲ್ಯದ ಲಕ್ಷಣವಲ್ಲ, ಅದನ್ನು ತಯಾರಿಸಿದ ಕ್ರಮದ ಫಲ. ಓಪನ್ಎಐ ಸಂಸ್ಥೆಯ ಸಂಶೋಧಕರೇ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದರ ಕಾರಣ ಬಿಡಿಸಿಟ್ಟಿದ್ದಾರೆ. ಈ ಮಾದರಿಗಳನ್ನು ಅಳೆಯುವ ಬಹುತೇಕ ಪರೀಕ್ಷೆಗಳಲ್ಲಿ ಗೊತ್ತಿಲ್ಲ ಎಂದರೆ ಸೊನ್ನೆ, ಊಹಿಸಿ ಹೇಳಿ ಸರಿಯಾದರೆ ಅಂಕ, ತಪ್ಪಾದರೆ ನಷ್ಟವಿಲ್ಲ. ಸಿಇಟಿ ಬರೆಯುವ ನಮ್ಮ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು: ಅಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡುವುದಿಲ್ಲ, ನೀಟ್‌ನಲ್ಲಿ ಕಳೆಯುತ್ತಾರೆ, ಅದೇ ಮಕ್ಕಳು ಅಲ್ಲಿ ಎಚ್ಚರಿಕೆಯಿಂದ ಕೈ ತಡೆಯುತ್ತಾರೆ. ಬದಲಾಗಿದ್ದು ಮಕ್ಕಳ ಬುದ್ಧಿಯಲ್ಲ, ಅಂಕ ಕೊಡುವವರ ನಿಯಮ. ಚಾಟ್‌ಬಾಟಿಗೆ ಆ ನಿಯಮ ಬರೆದವರು ಯಾರು ಎಂಬುದು ಗುಟ್ಟಿನ ವಿಷಯವೇನಲ್ಲ. ಎದುರಿನವರ ಮಾತಿಗೆಲ್ಲ ಹೌದಪ್ಪ ಎನ್ನುವ ಅದರ ಗುಣವೂ ಹೀಗೇ ಬಂದದ್ದು. ಎರಡು ಉತ್ತರ ಮುಂದಿಟ್ಟು ಯಾವುದು ಮೇಲು ಎಂದು ಜನರನ್ನು ಕೇಳಿ, ಅವರು ಮೆಚ್ಚಿದ್ದರ ಕಡೆಗೆ ಮಾದರಿಯನ್ನು ವಾಲಿಸುತ್ತಾರೆ. ತಮ್ಮ ಮಾತಿಗೆ ತಲೆಯಾಡಿಸುವ ಉತ್ತರವನ್ನೇ ಜನ ಎಷ್ಟೋ ಸಲ ಮೆಚ್ಚುತ್ತಾರೆ ಎಂದು ಆಂಥ್ರೋಪಿಕ್ ಸಂಸ್ಥೆಯ ಸಂಶೋಧಕರು 2023ರಲ್ಲೇ ತೋರಿಸಿದ್ದರು. 2025ರ ಏಪ್ರಿಲ್ ಕೊನೆಯಲ್ಲಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಬಳಕೆದಾರರನ್ನು ಎಗ್ಗಿಲ್ಲದೆ ಹೊಗಳತೊಡಗಿ, ದುಡುಕಿನ ತೀರ್ಮಾನಗಳಿಗೂ ಭೇಷ್ ಎನ್ನತೊಡಗಿದಾಗ ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಆ ನಡವಳಿಕೆ ಎಲ್ಲಿಂದ ಬಂತೆಂದು ಅವರಿಗೆ ತಿಳಿದಿತ್ತು, ಹಿಂದಕ್ಕೆ ತಿರುಗಿಸುವ ಬಗೆಯೂ ಗೊತ್ತಿತ್ತು. ಇಷ್ಟು ಹಿಡಿತವಿದ್ದವರಿಗೆ ಹೊಣೆ ಇಲ್ಲವೆನ್ನುವುದು ಯಾವ ನ್ಯಾಯ?

ಯಂತ್ರವನ್ನು ಕರ್ತೃವಾಗಿ ಕಾಣುವ ಈ ಅಭ್ಯಾಸ ಹೊಸದೂ ಅಲ್ಲ. ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲೈಜಾ ಎಂಬ ಕಾರ್ಯಕ್ರಮದ ಬಗ್ಗೆ ಬರೆದರು. ಅದು ಕೇಳುವವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಮುಂದಿಡುತ್ತಿತ್ತು, ಅಷ್ಟೇ. ಆದರೂ ಜನ ಅದರೆದುರು ಮನಸ್ಸು ತೋಡಿಕೊಂಡರು. ಅದನ್ನು ಕಂಡು ಕಳವಳಗೊಂಡ ವೈಜೆನ್‌ಬಾಮ್ ಹತ್ತು ವರ್ಷಗಳ ನಂತರ ಒಂದು ಪುಸ್ತಕವನ್ನೇ ಬರೆದು, ಮನುಷ್ಯರು ಮಾಡಬೇಕಾದ ಕೆಲವು ತೀರ್ಮಾನಗಳನ್ನು ಯಂತ್ರಕ್ಕೆ ಬಿಡಲೇಬಾರದೆಂದು ವಾದಿಸಿದರು. ಇಂದಿನ ಕಂಪನಿಗಳು ಆ ಎಚ್ಚರಿಕೆಯನ್ನು ತಲೆಕೆಳಗು ಮಾಡಿಕೊಂಡಿವೆ. ನಾನು ಎನ್ನುವ, ನಿಮ್ಮ ನೋವು ಅರ್ಥವಾಗುತ್ತದೆ ಎನ್ನುವ, ತಪ್ಪು ತೋರಿಸಿದರೆ ಕ್ಷಮಿಸಿ ಎನ್ನುವ ದನಿಯನ್ನು ಆರಿಸಿಕೊಂಡವರು ಅವರೇ. ಆ ಕ್ಷಮೆಯಿಂದ ಯಾರ ಗಂಟೂ ಕರಗುವುದಿಲ್ಲ. ಮುಳಬಾಗಿಲಿನ ಒಬ್ಬರು ಇಂದು ತಿದ್ದಿದ ತಪ್ಪನ್ನು ಅದೇ ಚಾಟ್‌ಬಾಟ್ ನಾಳೆ ಶ್ರೀನಿವಾಸಪುರದ ಇನ್ನೊಬ್ಬರಿಗೆ ಹಾಗೆಯೇ ಹೇಳಬಲ್ಲದು, ಏಕೆಂದರೆ ಆ ತಿದ್ದುಪಡಿ ಆ ಒಂದು ಸಂಭಾಷಣೆಯಲ್ಲೇ ಉಳಿದುಬಿಡುತ್ತದೆ.

ಬಳಸುವವರೇ ಸರಿನೋಡಿಕೊಳ್ಳಲಿ ಎಂಬ ವಾದಕ್ಕೆ ಬೆಂಗಳೂರಿನ ನ್ಯಾಯಾಲಯಗಳೇ ಉತ್ತರ ಕೊಟ್ಟಿವೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್ ಕೊನೆಯಲ್ಲಿ ಕೊಟ್ಟ ಆದೇಶವೊಂದರಲ್ಲಿ ಹುಡುಕಿದರೂ ಸಿಗದ ತೀರ್ಪುಗಳ ಉಲ್ಲೇಖವಿತ್ತು. ಕೃತಕ ಬುದ್ಧಿಮತ್ತೆಯ ಸಾಧನ ಬಳಸಿರಬೇಕೆಂಬ ಅನುಮಾನ ಎದ್ದಿತು. ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂಪಡೆಯಲಾಯಿತು. 2025ರ ಮಾರ್ಚ್‌ನಲ್ಲಿ ಸಿವಿಲ್ ನ್ಯಾಯಾಧೀಶರೊಬ್ಬರು ಸುಪ್ರೀಂ ಕೋರ್ಟ್ ಎಂದೂ ಕೊಡದ ತೀರ್ಪುಗಳನ್ನು ಆಧರಿಸಿ ಆದೇಶ ಬರೆದದ್ದನ್ನು ಕಂಡ ಕರ್ನಾಟಕ ಹೈಕೋರ್ಟ್, ಅವರ ಮೇಲೆ ಕ್ರಮಕ್ಕೆ ಸೂಚಿಸಿತು. ಆ ಉಲ್ಲೇಖಗಳು ಎಲ್ಲಿಂದ ಬಂದವೆಂಬುದು ಬೇರೆ ಮಾತು. ಕಾನೂನು ಓದಿ, ಗ್ರಂಥಾಲಯ ಪಕ್ಕದಲ್ಲೇ ಇಟ್ಟುಕೊಂಡವರ ಕಣ್ಣಿಗೂ ಸುಳ್ಳು ಉಲ್ಲೇಖ ಬೀಳಲಿಲ್ಲ ಎಂಬುದು ಇಲ್ಲಿ ಮುಖ್ಯ. ನ್ಯೂಯಾರ್ಕಿನಲ್ಲಂತೂ ಸಂಶಯಕ್ಕೆ ಎಡೆಯೇ ಇರಲಿಲ್ಲ. ಚಾಟ್‌ಜಿಪಿಟಿ ಹೆಣೆದುಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ ವಕೀಲರಿಗೆ 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಬಿತ್ತು. ವಕೀಲರು, ನ್ಯಾಯಾಧೀಶರು ತಮ್ಮ ಕರ್ತವ್ಯಕ್ಕೆ ಜವಾಬು ಕೊಡಬೇಕಾದದ್ದು ಸರಿಯೇ. ಆದರೆ ಸುಳ್ಳು ತೀರ್ಪನ್ನು ನಂಬರು, ತಾರೀಖು ಸಮೇತ ತಯಾರಿಸಿದ ಸಂಸ್ಥೆಗೆ ಆ ಪ್ರಕರಣದಲ್ಲಿ ಒಂದು ಪೈಸೆಯೂ ಖರ್ಚಾಗಲಿಲ್ಲ. ತಿಳಿದವರ ಕಥೆಯೇ ಹೀಗಾದರೆ, ರಾತ್ರಿ ಪಾಳಿ ಮುಗಿಸಿ ಪಿಎಫ್ ಹಣ ಬಿಡಿಸಿಕೊಳ್ಳುವ ದಾರಿ ಕೇಳುವವರ ಪಾಡೇನು? ಬೇರೆ ಕಡೆ ವಿಚಾರಿಸಿ ಖಚಿತಪಡಿಸಿಕೊಳ್ಳಬಲ್ಲವರಿಗೆ ಚಾಟ್‌ಬಾಟ್ ಅಷ್ಟಾಗಿ ಬೇಕಿಲ್ಲ; ಬೇರೆ ದಾರಿ ಇಲ್ಲದವರೇ ಅದರ ಬಳಿ ಬರುವುದು, ಅವರನ್ನು ತೋರಿಸಿಯೇ ಅದನ್ನು ಮಾರುವುದು. ಮಾರುವಾಗ ಬಡವರ ಸಲಹೆಗಾರ ಎಂದು ಹೊಗಳಿ, ತಪ್ಪಾದಾಗ ನೀವೇಕೆ ನಂಬಿದಿರಿ ಎಂದು ಕೇಳುವುದು ಪ್ರಾಮಾಣಿಕ ವ್ಯವಹಾರವಲ್ಲ.

ಪುಸ್ತಕ, ಪತ್ರಿಕೆಗಳಲ್ಲೂ ತಪ್ಪಿರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇರುತ್ತದೆ. ಆದರೆ ಯಾವ ಕನ್ನಡ ಪತ್ರಿಕೆಯನ್ನು ತೆರೆದರೂ ಸಂಪಾದಕರು, ಮುದ್ರಕರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು ಎಂಬ ಸಾಲು ಸಿಗುತ್ತದೆ. 1867ರ ಕಾಯ್ದೆಯ ಕಾಲದಿಂದ ನಡೆದುಬಂದ ಪದ್ಧತಿ ಅದು. ತಪ್ಪು ಬರೆದರೆ ನೋಟಿಸು ಯಾರ ಮನೆಗೆ ಹೋಗಬೇಕೆಂದು ಮೊದಲೇ ಗೊತ್ತಿರುತ್ತದೆ. ಕೋಲಾರದ ಟೊಮೆಟೊ ಬೆಳೆಗಾರರು ಕೊಳ್ಳುವ ಕೀಟನಾಶಕದ ಬಾಟಲಿಗೂ ಇದೇ ನ್ಯಾಯ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಅಂಗಡಿಯವರಿಗೆ ಪರವಾನಗಿ ಬೇಕು, ತಯಾರಕರ ಹೆಸರು ಬಾಟಲಿಯ ಮೇಲಿರಬೇಕು, ಎಷ್ಟು ಬೆರೆಸಬೇಕು, ವಿಷವೇರಿದರೆ ಏನು ಮಾಡಬೇಕು ಎಂಬ ಚೀಟಿ ಜೊತೆಗಿರಬೇಕು. ಅದೇ ಔಷಧಿಯ ಪ್ರಮಾಣವನ್ನು ಪರವಾನಗಿಯೂ ಇಲ್ಲದೆ, ಹೆಸರೂ ಹಾಕದೆ ಯಾರಿಗೆ ಬೇಕಾದರೂ ಚಾಟ್‌ಬಾಟ್ ಈಗ ಹೇಳಬಲ್ಲದು.

ಕನ್ನಡಿಗರಿಗೆ ಈ ವಿಷಯದಲ್ಲಿ ಕಹಿ ಅನುಭವವೂ ಇದೆ. ಭಾರತದ ಅತಿ ಕೊಳಕು ಭಾಷೆ ಯಾವುದು ಎಂದು ಕೇಳಿದರೆ ಗೂಗಲ್ 2021ರ ಜೂನ್‌ನಲ್ಲಿ ಕನ್ನಡ ಎಂದು ತೋರಿಸುತ್ತಿತ್ತು. ರಾಜ್ಯವೇ ಸಿಟ್ಟಿಗೆದ್ದು, ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತೆತ್ತಿದ ಮೇಲೆ ಕಂಪನಿ ಕ್ಷಮೆ ಕೇಳಿತು. ಜೊತೆಗೆ, ಅದು ತನ್ನ ಅಭಿಪ್ರಾಯವಲ್ಲ, ಅಂತರ್ಜಾಲದಲ್ಲಿ ಇದ್ದದ್ದು ಹಾಗೆ ಬಂತು ಎಂದಿತು. ಅಂದು ಬೇರೊಂದು ಜಾಲತಾಣದ ಪಠ್ಯವನ್ನು ಎತ್ತಿ ತೋರಿಸಿದ್ದರಿಂದ ಆ ಸಮಜಾಯಿಷಿಗೆ ಒಂದಿಷ್ಟು ನೆಲೆಯಾದರೂ ಇತ್ತು. ಚಾಟ್‌ಬಾಟ್ ಸಾಮಾನ್ಯವಾಗಿ ಬೇರೊಬ್ಬರ ಪಠ್ಯವನ್ನು ಹಾಗೆಯೇ ಎತ್ತಿ ತೋರಿಸುವುದಿಲ್ಲ. ವಾಕ್ಯ ಕಟ್ಟುವುದು ಅದೇ. ಇಲ್ಲಿ ಮೂರನೆಯವರೆಂಬವರೇ ಇಲ್ಲ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡದಲ್ಲಿ ಬರೆದ ಸಂತಾಪವನ್ನು ಮೆಟಾ ಕಂಪನಿಯ ಸ್ವಯಂಚಾಲಿತ ಅನುವಾದ, ಮುಖ್ಯಮಂತ್ರಿಯೇ ತೀರಿಕೊಂಡರು ಎಂಬರ್ಥ ಬರುವಂತೆ ಇಂಗ್ಲಿಷಿಗೆ ತಿರುಗಿಸಿತು. ಮುಖ್ಯಮಂತ್ರಿ ಆಕ್ಷೇಪಿಸಿದರು, ಮೆಟಾ ಕ್ಷಮೆ ಕೇಳಿ ಸರಿಪಡಿಸಿತು. ಎರಡೂ ಸಲ ದನಿಯೆತ್ತಿದವರು ಅಧಿಕಾರದಲ್ಲಿದ್ದವರು. ಚಿಕ್ಕ ಊರಿನ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ರಜೆಯ ಬಗ್ಗೆ ಸಿಕ್ಕ ತಪ್ಪು ಉತ್ತರಕ್ಕೆ ಯಾವ ಮಂತ್ರಿಯೂ ಪತ್ರ ಬರೆಯುವುದಿಲ್ಲ. ಅವರ ಪರವಾಗಿ ನಿಲ್ಲಬೇಕಾದದ್ದು ಕಾನೂನು.

ಇಲ್ಲಿ ಎದುರಾಗುವ ಆಕ್ಷೇಪಗಳಲ್ಲಿ ತೂಕದ್ದು ಒಂದಿದೆ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಹೊಣೆ ಹೊರಿಸಿದರೆ ಕಂಪನಿಗಳು ಕನ್ನಡವನ್ನೇ ಕೈಬಿಡುತ್ತವೆ, ಇಂಗ್ಲಿಷ್ ಬಲ್ಲವರಿಗೆ ಸಿಗುವ ಸೌಲಭ್ಯ ಹಳ್ಳಿಯವರಿಗೆ ತಪ್ಪಿಹೋಗುತ್ತದೆ, ಏನೂ ಇಲ್ಲದ್ದಕ್ಕಿಂತ ಅರೆಬರೆ ಉತ್ತರವೇ ವಾಸಿ ಎನ್ನುತ್ತಾರೆ. ಇದನ್ನು ಹೇಳುವವರಲ್ಲಿ ಕನ್ನಡದ ಮೇಲೆ ನಿಜವಾದ ಕಾಳಜಿ ಇರುವವರೂ ಇದ್ದಾರೆ. ಆದರೆ ಏನೂ ಇಲ್ಲ ಎಂಬ ಸ್ಥಿತಿ ನರಸಾಪುರದಲ್ಲಿ ಎಂದೂ ಇರಲಿಲ್ಲ. ಕಾರ್ಮಿಕ ಇಲಾಖೆ ಇದೆ, ರೈತ ಸಂಪರ್ಕ ಕೇಂದ್ರ ಇದೆ, ಸಂಘಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ಸಾಲದಿರಬಹುದು, ಸಾಲದ್ದನ್ನು ಬಲಪಡಿಸುವ ಬದಲು ಅವರ ಜಾಗದಲ್ಲಿ ಚಾಟ್‌ಬಾಟ್ ಕೂರಿಸಿ ಖರ್ಚು ಉಳಿಸುವ ಆಸೆಗೆ ಈ ವಾದ ದಾರಿ ಮಾಡಿಕೊಡುತ್ತದೆ. ಇನ್ನು ಅರೆಬರೆ ಉತ್ತರದ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಅಪಾಯಕಾರಿ ಕೋರಿಕೆಗಳನ್ನು ಜುಲು, ಸ್ಕಾಟ್ಸ್ ಗೇಲಿಕ್‌ನಂಥ ಅಂತರ್ಜಾಲದಲ್ಲಿ ಕಡಿಮೆ ಬರಹವಿರುವ ಭಾಷೆಗಳಿಗೆ ತಿರುಗಿಸಿ ಜಿಪಿಟಿ-4ರ ಮುಂದಿಟ್ಟಾಗ, ಇಂಗ್ಲಿಷಿನಲ್ಲಿ ತಡೆಯುತ್ತಿದ್ದ ಬೇಲಿ ಶೇ 79ರಷ್ಟು ಸಲ ಮುರಿಯಿತು. ಕನ್ನಡ ಆ ಪರೀಕ್ಷೆಯಲ್ಲಿ ಇರಲಿಲ್ಲ, ಜುಲುವಿನಷ್ಟು ಬರಹದ ಬಡತನವೂ ಕನ್ನಡಕ್ಕಿಲ್ಲ. ಆದರೂ ಇಂಗ್ಲಿಷಿನ ಮುಂದೆ ಕನ್ನಡದ ಪಾಲು ತೀರ ಸಣ್ಣದು. ಕೋಲಾರದ ಗಡಿಯಲ್ಲಿ ತೆಲುಗಿನ ಜೊತೆ ಬೆರೆತು ಆಡುವ ಕನ್ನಡಕ್ಕಂತೂ ಬರಹದ ರೂಪವೇ ಅಪರೂಪ. ಬೇಲಿ ಎಲ್ಲಿ ತೆಳುವೋ ಅಲ್ಲೇ ಹೊಣೆಯನ್ನೂ ಸಡಿಲಿಸಿ ಎಂದರೆ ಕನ್ನಡಿಗರು ಎರಡನೇ ದರ್ಜೆಯ ಸರಕಿಗೆ ತೃಪ್ತಿಪಡಲಿ ಎಂದೇ ಅರ್ಥ. ಎಚ್ಚರದಿಂದ ಕೆಲಸ ಮಾಡಿದರೆ ಕನ್ನಡ ಕೈತಪ್ಪುತ್ತದೆ ಎಂಬುದೂ ನಿಜವಲ್ಲ. ಕಾರ್ಯ ಎಂಬ ಬೆಂಗಳೂರಿನ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಕನ್ನಡ ಮಾತು ಧ್ವನಿಮುದ್ರಿಸಿಕೊಂಡು, ಗಂಟೆಗೆ ಸುಮಾರು 5 ಡಾಲರ್ ಕೊಟ್ಟು, ಆ ದತ್ತಾಂಶ ಮತ್ತೆ ಮಾರಾಟವಾದಾಗ ಮಾತು ಕೊಟ್ಟವರಿಗೂ ಪಾಲು ಸಿಗುವಂತೆ ಮಾಡಿತು. ಖರ್ಚು ಮಾಡುವ ಮನಸ್ಸಿದ್ದರೆ ದಾರಿಯಿದೆ.

ಪ್ರತಿ ವಾಕ್ಯವನ್ನೂ ಮುಂಗಾಣಲಾಗದು, ಹಾಗಿರುವಾಗ ಕಂಪನಿ ಹೇಗೆ ಹೊಣೆಯಾಗುತ್ತದೆ ಎಂಬ ಇನ್ನೊಂದು ವಾದಕ್ಕೆ ಕೆನಡಾದ ಒಂದು ಸಣ್ಣ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪಿನಲ್ಲೇ ಉತ್ತರವಿದೆ. ಮನೆಯಲ್ಲಿ ಸಾವಾದಾಗ ಪ್ರಯಾಣಿಸುವವರಿಗೆ ಕೊಡುವ ರಿಯಾಯಿತಿಯನ್ನು ಟಿಕೆಟ್ ಕೊಂಡ ಮೇಲೂ ಕೇಳಬಹುದೆಂದು ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ಹೇಳಿತ್ತು. ಕಂಪನಿ ಆಮೇಲೆ ಕೊಡಲಿಲ್ಲ. ಚಾಟ್‌ಬಾಟ್ ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಪ್ರತ್ಯೇಕ ಘಟಕ ಎಂಬರ್ಥದ ವಾದವನ್ನೂ ಅದು ಮುಂದಿಟ್ಟಿತು. ಅದು ಕಂಪನಿಯದೇ ಜಾಲತಾಣದ ಭಾಗ, ಅಲ್ಲಿನ ಮಾಹಿತಿಗೆಲ್ಲ ಕಂಪನಿಯೇ ಹೊಣೆ ಎಂದ ನ್ಯಾಯಮಂಡಳಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಮೊತ್ತ ಸಣ್ಣದು. ಆದರೆ ಅಲ್ಲಿ ವಾದಿಸಿ ಸೋತ ಮಾತನ್ನು ನಮ್ಮಲ್ಲಿ ವಾದವೇ ಇಲ್ಲದೆ ಗೆಲ್ಲಲು ಬಿಟ್ಟಿದ್ದೇವೆ. ಕ್ಯಾಲಿಫೋರ್ನಿಯಾ ರಾಜ್ಯ ಒಡನಾಡಿ ಚಾಟ್‌ಬಾಟುಗಳಿಗೆಂದೇ 2025ರ ಅಕ್ಟೋಬರ್‌ನಲ್ಲಿ ಕಾನೂನು ಮಾಡಿ, ನೊಂದವರೇ ಕೋರ್ಟಿಗೆ ಹೋಗುವ ಹಕ್ಕು ಕೊಟ್ಟಿತು. ನಮ್ಮ ಕೇಂದ್ರ ಸರ್ಕಾರ 2024ರ ಮಾರ್ಚ್ 1ರಂದು, ಪರೀಕ್ಷೆ ಪೂರ್ಣಗೊಳ್ಳದ ಮಾದರಿಗಳಿಗೆ ಅನುಮತಿ ಬೇಕೆಂದು ಸೂಚಿಸಿ, ಉದ್ಯಮದ ಗದ್ದಲ ಕೇಳಿ ಎರಡೇ ವಾರದಲ್ಲಿ ಅದನ್ನು ಕೈಬಿಟ್ಟಿತು. 2025ರ ನವೆಂಬರ್‌ನಲ್ಲಿ ಹೊರಬಂದ ಮಾರ್ಗಸೂಚಿಯೂ ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ, ಇರುವ ಕಾನೂನುಗಳೇ ಬಹುಮಟ್ಟಿಗೆ ಸಾಕು ಎನ್ನುತ್ತದೆ. ಅನುಮತಿ ಪತ್ರಗಳ ರಾಜ್ಯ ಯಾರಿಗೂ ಬೇಕಿಲ್ಲ, ಅದು ನಿಜ. ನಷ್ಟವಾದಾಗ ಯಾರ ಬಾಗಿಲು ತಟ್ಟಬೇಕೆಂಬ ಸ್ಪಷ್ಟತೆಯನ್ನಷ್ಟೇ ಇಲ್ಲಿ ಕೇಳುತ್ತಿರುವುದು.

ಅದಕ್ಕೆ ದೆಹಲಿಯ ಕಡೆ ನೋಡುತ್ತ ಕೂರಬೇಕಾದ ಅಗತ್ಯವೂ ಕರ್ನಾಟಕಕ್ಕಿಲ್ಲ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ದಿನದ ದುಡಿಮೆಯನ್ನು 12 ಗಂಟೆಗೆ ಏರಿಸಲು 2023ರಲ್ಲಿ ರಾಜ್ಯ ಬಳಸಿದ ಅಧಿಕಾರವನ್ನೇ ದುಡಿಯುವವರ ರಕ್ಷಣೆಗೂ ಬಳಸಬಹುದು. ಕೂಲಿ, ಗಂಟೆ, ರಜೆ, ಪಿಎಫ್, ಇಎಸ್‌ಐ ಬಗ್ಗೆ ಉದ್ಯೋಗದಾತರು ಇಟ್ಟ ಚಾಟ್‌ಬಾಟ್ ಕಾರ್ಮಿಕರಿಗೆ ಹೇಳಿದ್ದನ್ನು ಉದ್ಯೋಗದಾತರೇ ಬರೆದುಕೊಟ್ಟ ಮಾತೆಂದು ಪರಿಗಣಿಸುವ ನಿಯಮ ಬರಲಿ. ಗುತ್ತಿಗೆ ಸಂಸ್ಥೆಯವರದು, ತಂತ್ರಾಂಶ ಮಾರಿದವರದು ಎಂಬ ನೆಪ ಅಲ್ಲಿ ನಡೆಯದಿರಲಿ. ಸಂಭಾಷಣೆಯ ಪ್ರತಿ ಕಾರ್ಮಿಕರ ಕೈಗೆ ಸಿಗಲಿ, ಕಾರ್ಖಾನೆ ತಪಾಸಣೆಗೆ ಬಂದ ಅಧಿಕಾರಿಗಳು ಹಾಜರಿ ಪುಸ್ತಕದ ಜೊತೆ ಅದನ್ನೂ ತೆಗೆಸಿ ನೋಡಲಿ. ಸರ್ಕಾರದ ಇಲಾಖೆಗಳು ಚಾಟ್‌ಬಾಟ್ ಕೊಳ್ಳುವ ಟೆಂಡರಿನಲ್ಲೇ ಷರತ್ತು ಇರಲಿ: ಯಾವ ಆದೇಶ, ಯಾವ ತಾರೀಖಿನದು ಎಂದು ತೋರಿಸದೆ ಉತ್ತರ ಕೊಡುವಂತಿಲ್ಲ, ತಿಳಿಯದಿದ್ದರೆ ಹೆಸರು ಹೇಳುವ ಒಬ್ಬ ನೌಕರರಿಗೆ ಕರೆ ದಾಟಿಸಬೇಕು, ತಪ್ಪಾದರೆ ಪೂರೈಸಿದ ಕಂಪನಿ ನಷ್ಟ ತುಂಬಬೇಕು. ಈ ಷರತ್ತಿಗೆ ಒಪ್ಪದ ಕಂಪನಿಯ ಚಾಟ್‌ಬಾಟನ್ನು ಸರ್ಕಾರ ಕೊಳ್ಳುವುದು ಬೇಡ, ಅದರ ಹಣದಲ್ಲಿ ಕೋಲಾರದ ಕಾರ್ಮಿಕ ಕಚೇರಿಗೆ ಕನ್ನಡವೂ ತೆಲುಗೂ ಬಲ್ಲ ಇಬ್ಬರು ಸಿಬ್ಬಂದಿಯನ್ನು ನೇಮಿಸಲಿ.